ಬಲಗಡೆಯ ನಳಿಕೆ

ಅತ್ತೆಯ ಹುಟ್ಟುಹಬ್ಬದ ದಿನ ಅತ್ತೆಯೊಬ್ಬಳಿಗೇ ಅಭಿನಂದನೆ ಹೇಳಿ ಕೂತುಬಿಡುವುದು ಈ ದ್ವೀಪದಲ್ಲಿ ದೊಡ್ಡ ಕೊಬ್ಬು. ಗೋಡೆಗಳುದ್ದಕ್ಕೂ ದುಂಡಗೆ ಹಾಕಿದ ಕುರ್ಚಿಗಳಲ್ಲಿ ಯಾರ್ಯಾರು ಕೂತಿದ್ದಾರೋ ಅವರೆಲ್ಲರ ಮುಂದೂ ನಿಂತು, ಕೈ ಕುಲುಕಿ, ನಿಮ್ಮ ಅಕ್ಕನ ಹುಟ್ಟುಹಬ್ಬಕ್ಕೆ ಅಭಿನಂದನೆ, ನಿಮ್ಮ ಅಜ್ಜಿಯ ಹುಟ್ಟುಹಬ್ಬಕ್ಕೆ ಅಭಿನಂದನೆ, ನಿಮ್ಮ ಪಕ್ಕದ ಮನೆಯವರ ಹುಟ್ಟುಹಬ್ಬಕ್ಕೆ ಅಭಿನಂದನೆ ಎನ್ನುತ್ತಾ ಸುತ್ತು ಮುಗಿಸಬೇಕು. ಹುಟ್ಟಿದ್ದು ಅತ್ತೆ ಯಾಕೋಮಿನಾ ಒಬ್ಬಳೇ ಆದರೂ ಅದರ ಹೆಗ್ಗಳಿಕೆ ಊರಿಗೆಲ್ಲ ಹಂಚಿಕೆಯಾಗಬೇಕು. ಮದುವೆಯಾದಾಗಿನಿಂದ ಲೇನಾ ವರ್ಷವರ್ಷವೂ ಈ ಸುತ್ತು ಹಾಕಿದ್ದಳು, ಈ ಶನಿವಾರ ಮಧ್ಯಾಹ್ನವೂ ಹಾಕಿದಳು. ಬೆವರಿದ ಕೈ, ಒರಟು ಕೈ, ಎಷ್ಟು ತೊಳೆದರೂ ಈರುಳ್ಳಿ ವಾಸನೆ ಬಿಡದ ಕೈ. ಒಂದೊಂದನ್ನೂ ಹಿಡಿದು ಬಿಡುವಾಗ ಕೆಳಹೊಟ್ಟೆಯ ಬಲಗಡೆ ಯಾರೋ ಉಗುರಿನಿಂದ ಮೆಲ್ಲಗೆ ಗೀರಿದ ಹಾಗಾಗುತ್ತಿತ್ತು. ಬೆಳಿಗ್ಗೆ, ಗಂಡ ಮರಿನುಸ್ ಕೆಳಗೆ ಬೂಟಿಗೆ ಪಾಲಿಶ್ ಹಾಕುತ್ತಿದ್ದಾಗ, ಬಚ್ಚಲುಮನೆಯ ಕಪಾಟಿನಲ್ಲಿ ಬಚ್ಚಿಟ್ಟಿದ್ದ ಬಸಿರು ಪರೀಕ್ಷೆಯ ಗಾಜಿನ ತಳದಲ್ಲಿ ಕಂದು ಬಣ್ಣದ ಉಂಗುರ ಮೂಡಿದ್ದನ್ನು ಅವಳು ನೋಡಿದ್ದಳು. ಹತ್ತು ವರ್ಷ ಕಾದಿದ್ದ ಉಂಗುರ. ಗಂಡನಿಗೆ ಹೇಳಲಿಲ್ಲ. ಡಾಕ್ಟರಿಗೆ ಫೋನ್ ಮಾಡಲಿಲ್ಲ. ಗಾಜನ್ನು ಟವೆಲಿನಲ್ಲಿ ಸುತ್ತಿ ಕಪಾಟಿನ ಹಿಂದಕ್ಕೆ ತಳ್ಳಿ, ನೀಲಿ ಸ್ಕರ್ಟು ತೊಟ್ಟುಕೊಂಡು ಅತ್ತೆಯ ಮನೆಗೆ ಬಂದಿದ್ದಳು.

ಮಾವ ಸತ್ತ ಮೇಲೆ ಯಾರೂ ಅಷ್ಟಾಗಿ ಕೂರದ ಎತ್ತರ ಬೆನ್ನಿನ ಕುರ್ಚಿಯೊಂದೇ ಖಾಲಿಯಿತ್ತು, ಲೇನಾ ಅದರಲ್ಲಿ ಕೂತಳು. ಅಲ್ಲಿಂದ ಇಡೀ ಕೋಣೆ ಕಾಣುತ್ತಿತ್ತು. ಪಟ್ಟಣದ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷಿಸುವ ಕೆಲಸ ಅವಳದು. ಅಕ್ಷರ ಕಾಣದಿದ್ದರೂ ಕಂಡಂತೆ ಓದಿಬಿಡುವವರ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಈ ಕೋಣೆಯ ತುಂಬ ಅಂಥ ಮುಖಗಳೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಕೇಕಿನ ತುಂಡನ್ನು ಮೊಣಕಾಲ ಮೇಲಿಟ್ಟುಕೊಂಡು ಪುಡಿ ಬೀಳದಂತೆ ಉಸಿರು ಬಿಗಿಹಿಡಿದು ತಿನ್ನುವ ಅತ್ತೆಯ ತಂಗಿ ತನ್ನೆಕೆ. ಬೀಟ್‌ರೂಟ್ ಬೆಲೆ ಬಿಟ್ಟರೆ ಬೇರೆ ಸಂಕಟವೇ ಇಲ್ಲದ ಅವಳ ಗಂಡ ಲೇಂದರ್ಟ್. ಐದು ಹೆತ್ತು, ಹೆತ್ತದ್ದಕ್ಕೆ ಸರ್ಕಾರ ಪದಕ ಕೊಡಲಿಲ್ಲವಲ್ಲ ಎಂಬಂತೆ ಸದಾ ಮುಖ ಊದಿಸಿಕೊಂಡಿರುವ ಗಂಡನ ಅಕ್ಕ ಆದ್ರಿ. ಒಬ್ಬೊಬ್ಬರಿಗೆ ಒಂದೊಂದೇ ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಹಾಕಿಬಿಡುವ ಅತ್ತೆ. ಇಂಥ ಜನರ ಮುಂದೆಯೇ ತನ್ನ ಹೊಟ್ಟೆಯ ಒಳಗನ್ನು ಹರಡಿ ತೋರಿಸಬೇಕಾಯಿತಲ್ಲ ಎಂದು ನೆನೆದಾಗ ಲೇನಾಳಿಗೆ ಈಗಲೂ ಮೈ ಉರಿಯುತ್ತಿತ್ತು. ಕಟ್ಟಿಕೊಂಡ ಗರ್ಭನಳಿಕೆ ಬಿಡಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಮರಿನುಸ್ ಚರ್ಚಿನ ಹಿರಿಯರನ್ನು ಕೇಳಿಯೇ ಆಗಬೇಕು ಎಂದಿದ್ದ. ಕಪ್ಪು ಸೂಟಿನಲ್ಲಿ ಇಬ್ಬರು ಬಂದು ಸೋಫಾದಲ್ಲಿ ಕೂತರು. ಗಾಜಿನ ಬಟ್ಟಲಲ್ಲಿ ಮಗು ಮಾಡಿಸುವ ಹೊಸ ವಿದ್ಯೆಯನ್ನು ಅವರು ಬಾಯಿಬಿಟ್ಟು ಹೆಸರಿಸಲೂ ಇಲ್ಲ. ಅವರಲ್ಲೊಬ್ಬ, ಈರುಳ್ಳಿ ಬೆಳೆಗಾರ ಕ್ರೈನ್, ಕಾಫಿ ಬಟ್ಟಲಿನಲ್ಲಿ ಚಮಚ ತಿರುಗಿಸುತ್ತಾ ತೀರ್ಪು ಕೊಟ್ಟ.

"ನೋಡಪ್ಪ ಮರಿನುಸ್, ದೇವರು ಮಾಡಿಟ್ಟ ದಾರಿ ಕಟ್ಕೊಂಡಿದ್ರೆ ಬಿಡಿಸೋದ್ರಲ್ಲಿ ತಪ್ಪಿಲ್ಲ. ನನ್ನ ಹೊಲದ ಅಡೀಲಿರೋ ಕೊಳವೆಗಳೂ ಹಂಗೇ ತಾನೆ? ಹೂಳು ತುಂಬ್ಕೊಂಡ್ರೆ ತೆಗೆಸ್ತೀನಿ. ಹೊಸ ನದೀನ ಮಾತ್ರ ನಾನು ತಯಾರು ಮಾಡಲ್ಲ."

"ಮಾಡಲ್ಲ," ಎಂದ ಎರಡನೆಯವನು.

ಲೇನಾ ಅಲ್ಲೇ ಕಾಫಿ ಬಗ್ಗಿಸುತ್ತಾ ನಿಂತಿದ್ದಳು. ಇಬ್ಬರಲ್ಲಿ ಒಬ್ಬನಾದರೂ ಅವಳ ಮುಖ ನೋಡಲಿಲ್ಲ. ಹೋಗುವಾಗ ಪ್ರಾರ್ಥಿಸಿದರು, ಬಾಗಿಲಲ್ಲಿ ಕ್ರೈನ್ ಈ ವರ್ಷ ಮಳೆ ಹೆಚ್ಚು ಎಂದ. ಅವತ್ತು ರಾತ್ರಿ ಅವಳು ಮರಿನುಸ್‌ಗೆ ಬೆನ್ನು ತಿರುಗಿಸಿ ಮಲಗಿದ್ದಳು, ಬೆಳಿಗ್ಗೆ ಎದ್ದು ರಾಟರ್‌ಡ್ಯಾಮಿನ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡಿದ್ದಳು. ತಿರಸ್ಕಾರ ತಿರಸ್ಕಾರದ ಪಾಡಿಗೆ, ಅನುಮತಿ ಸಿಕ್ಕಿದ್ದಕ್ಕೆ ಒಳಗೊಳಗೇ ಖುಷಿಪಟ್ಟದ್ದೂ ನಿಜ.

ರಾಟರ್‌ಡ್ಯಾಮಿನ ಸರ್ಜನ್ ಪುಟ್ಟ ಮನುಷ್ಯ, ಪಿಯಾನೋ ನುಡಿಸುವವರ ಬೆರಳು. ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ಹೊಲಿಯುತ್ತೇನೆ ಎಂದು ಜಂಬದಿಂದ ಹೇಳಿಕೊಂಡ. ಹೊಟ್ಟೆ ತೆರೆದು ನೋಡಿದಾಗ ಎಡಗಡೆಯ ನಳಿಕೆ ಗಂಟುಗಂಟಾಗಿ ಕರುಳಿಗೇ ಅಂಟಿಕೊಂಡಿತ್ತಂತೆ, ಅದನ್ನು ತೆಗೆದೇಬಿಟ್ಟ. ಬಲಗಡೆಯದರ ತುದಿ ಮುಚ್ಚಿಹೋಗಿತ್ತು. ಬಿಡಿಸಿ, ಮೊಗ್ಗಿನ ಎಸಳುಗಳಂತೆ ಹಿಂದಕ್ಕೆ ಮಡಚಿ ಹೊಲಿದ. ಇನ್ನು ಇರುವುದು ಇದೊಂದೇ, ಜೋಪಾನ, ಎಂದ. ಆಮೇಲೆ ಅವನ ಧ್ವನಿ ಬದಲಾಯಿತು. ರಿಪೇರಿಯಾದ ನಳಿಕೆಯಲ್ಲಿ ಗರ್ಭ ಅಲ್ಲೇ ಸಿಕ್ಕಿಕೊಳ್ಳುವುದುಂಟು. ಪರೀಕ್ಷೆಯಲ್ಲಿ ಉಂಗುರ ಕಂಡ ದಿನವೇ ಫೋನ್ ಮಾಡಬೇಕು, ಶನಿವಾರವಾಗಲಿ, ಭಾನುವಾರವಾಗಲಿ. ನೋವು ಇದ್ದರಂತೂ ಆ ಗಳಿಗೆಯಲ್ಲೇ. ಬೇಗ ಸಿಕ್ಕರೆ ಗರ್ಭವನ್ನಷ್ಟೇ ತೆಗೆದು ನಳಿಕೆ ಉಳಿಸಿಕೊಡುತ್ತೇನೆ, ಮತ್ತೆ ಪ್ರಯತ್ನಿಸಬಹುದು. ಒಡೆದ ಮೇಲೆ ಬಂದರೆ ನಳಿಕೆಯೂ ಇಲ್ಲ, ಏನೂ ಇಲ್ಲ. ಅರ್ಥವಾಯಿತೇ ಎಂದು ಕೇಳಿದ. ಅರ್ಥವಾಯಿತು ಎಂದಿದ್ದಳು. ಅರ್ಥವಾಗದಿರಲು ಅವಳೇನು ಈ ಕುರ್ಚಿಗಳಲ್ಲಿ ಕೂತ ಹೆಂಗಸರಂಥವಳೇ?

ಹಾಗಿದ್ದರೂ ಫೋನ್ ಮಾಡಿರಲಿಲ್ಲ. ಸೋಮವಾರ ಮಾಡಿದರಾಯಿತು, ನೋವು ಅಂಥದ್ದೇನಲ್ಲ, ಹೊಲಿಗೆ ಎಳೆಯುತ್ತಿರಬಹುದು. ಹೀಗೆ ತನಗೆ ತಾನೇ ಹೇಳಿಕೊಂಡ ಒಂದೊಂದು ಮಾತೂ ಸುಳ್ಳೆಂದು ಅವಳಿಗೆ ಗೊತ್ತಿತ್ತು, ಅಂಗಡಿಗೆ ಬಂದು ಕಾಣದ ಅಕ್ಷರ ಓದುವ ಮುದುಕರ ಸುಳ್ಳು ಗೊತ್ತಾಗುವಷ್ಟೇ ಸ್ಪಷ್ಟವಾಗಿ. ಫೋನ್ ಮಾಡಿದರೆ ಬಾ ಎನ್ನುತ್ತಾರೆ. ಹೋದರೆ ನೋಡುತ್ತಾರೆ. ನೋಡಿದ ಮೇಲೆ ಅದು ಇರಬಹುದು, ಇಲ್ಲದೆಯೂ ಇರಬಹುದು. ನೋಡುವವರೆಗೆ ಇದೆ. ಹದಿನಾರು ವರ್ಷದ ಹುಡುಗಿಯಾಗಿದ್ದಾಗ ಒಂದು ಭಾನುವಾರ ಚರ್ಚಿನ ಬೆಂಚಿನಲ್ಲಿ ಇದೇ ಬಲಗಡೆ ನೋವೆದ್ದು ಅವಳು ಅಪ್ಪನ ತೋಳು ಜಗ್ಗಿದ್ದಳು. ಅಪ್ಪನಿಗೆ ಕೇಳಿಸಿತ್ತು. ಆದರೆ ಪಾದ್ರಿ ಉಪದೇಶದ ನಡುವಿನಲ್ಲಿದ್ದ, ಎದ್ದು ನಡೆದರೆ ಊರೆಲ್ಲ ಕತ್ತು ತಿರುಗಿಸಿ ನೋಡುತ್ತಿತ್ತು. ಕಾಯಿಲೆಯಾದರೂ ಭಾನುವಾರ ಡಾಕ್ಟರನ್ನು ಕರೆಯಬಾರದೆಂದು ಯಾವ ದೇವರೂ ಹೇಳಿರಲಿಲ್ಲ; ಅಪ್ಪನಿಗೆ ಹೆದರಿಕೆಯಿದ್ದದ್ದು ಕತ್ತುಗಳದ್ದು. 'ಆಮೆನ್ ಆಗ್ಲಿ ಇರು' ಎಂದು ಪುದೀನ ಮಿಠಾಯಿಯೊಂದನ್ನು ಅವಳ ಕೈಗೆ ತುರುಕಿದ. ಆಮೆನ್ ಆಗುವುದರೊಳಗೆ ಹೊಟ್ಟೆಯೊಳಗಿನ ಅಪೆಂಡಿಕ್ಸ್ ಒಡೆದು ಕೀವು ಎಲ್ಲೆಡೆ ಹರಡಿತ್ತು, ನಳಿಕೆಗಳು ಕಟ್ಟಿಕೊಂಡದ್ದು ಅದರಿಂದಲೇ ಎಂದು ಸರ್ಜನ್ ಹೇಳಿದ. ಅಪ್ಪ ಸಾಯುವವರೆಗೂ ಅವಳು ಅವನನ್ನು ಕ್ಷಮಿಸಲಿಲ್ಲ, ಸತ್ತ ಮೇಲೂ ಕ್ಷಮಿಸಲಿಲ್ಲ. ಈಗ ಅದೇ ಬಲಗಡೆಯನ್ನು ಅಂಗೈಯಲ್ಲಿ ಒತ್ತಿಕೊಂಡು ಕೇಕು ತಿನ್ನುತ್ತಿರುವ ತನ್ನನ್ನು ನೋಡಿದರೆ ಅಪ್ಪ ಏನನ್ನುತ್ತಿದ್ದ ಎಂಬ ಯೋಚನೆ ಬಂತು, ಅದನ್ನು ಅವಳು ಕಾಫಿಯ ಜೊತೆ ನುಂಗಿದಳು.

ಅಷ್ಟರಲ್ಲಿ ಆದ್ರಿಯ ಮಗಳು ವಿಲ್ಲೆಕೆ ಬಂದಳು. ಹೋದ ವರ್ಷ ಮದುವೆಯಾದವಳು, ಈಗ ಏಳು ತಿಂಗಳು. ಹೊಟ್ಟೆಯನ್ನು ಮುಂದಿಟ್ಟುಕೊಂಡು ಕೈ ಕುಲುಕುವ ಸುತ್ತು ಮುಗಿಸುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಕುರ್ಚಿ ಉಳಿದಿರಲಿಲ್ಲ, ಮರಿನುಸ್ ಚರ್ಚಿನ ಸಭಾಂಗಣದಿಂದ ಮಡಚುಕುರ್ಚಿ ತರಲು ಹೋಗಿದ್ದ. ಆದ್ರಿ ಕೋಣೆಯನ್ನೆಲ್ಲ ಕಣ್ಣಲ್ಲೇ ಅಳೆದು ಲೇನಾಳ ಮೇಲೆ ನಿಂತಳು.

"ಲೇನಾ, ನೀನು ಸ್ವಲ್ಪ ಆ ಸ್ಟೂಲಿಗೆ ಹೋಗ್ತೀಯಾ? ಪಾಪ, ಇವಳಿಗೆ ಬೆನ್ನಿಗೆ ಆಸರೆ ಬೇಕು. ನಿಂಗೆ ಹೇಗೂ ಎಲ್ಲಿ ಕೂತ್ರೂ ನಡಿಯತ್ತೆ."

ಅದರಲ್ಲಿ ಕೆಡುಕೇನೂ ಇರಲಿಲ್ಲ. ಆದ್ರಿಗೆ ಕೆಡುಕು ಯೋಚಿಸುವಷ್ಟು ತಲೆಯೂ ಇಲ್ಲ. ಹತ್ತು ವರ್ಷದಿಂದ ಹೀಗೇ: ಮಕ್ಕಳಿರೋರಿಗೆ ಮೊದಲು ಬಡಿಸಿ, ಲೇನಾಗೆ ಅವಸರವಿಲ್ಲ, ಬಾಣಂತಿ ಮನೆಗೆ ಲೇನಾನ್ನ ಕಳಿಸಿ, ಅವಳಿಗೆ ಮನೇಲೇನು ಕೆಲಸ. ಪ್ರತಿಸಲ ಅವಳು ಎದ್ದು ಜಾಗ ಬಿಟ್ಟಿದ್ದಳು, ಎದ್ದು ಬಿಟ್ಟು ಒಳಗೊಳಗೇ ಇವರನ್ನೆಲ್ಲ ಉಗಿದಿದ್ದಳು. ಈ ಸಲವೂ ಎದ್ದಳು, ಅರ್ಧ ಎದ್ದಳು, ಬಲಗಡೆ ಚುಳ್ಳೆಂದಿತು, ಮತ್ತೆ ಕೂತುಬಿಟ್ಟಳು.

"ಇಲ್ಲ ಆದ್ರಿ. ನನಗೂ ಈಗ ಬೆನ್ನಿಗೆ ಆಸರೆ ಬೇಕು."

ಮಾತು ಬಾಯಿಂದ ಜಾರಿದ ಮೇಲೆ ಅದನ್ನು ತಾನೇ ಆಡಿದ್ದೆಂದು ಅವಳಿಗೆ ತಿಳಿಯಿತು. ತನ್ನೆಕೆ ಚಿಕ್ಕಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಏನಂದೆ? ಹಾಗಾದ್ರೆ... ಆ ಆಪರೇಷನ್ನು?"

"ಹೂಂ."

"ನಿಜವಾಗ್ಲೂ?"

"ಬೆಳಿಗ್ಗೆ ನೋಡ್ಕೊಂಡೆ."

"ನೋಡ್ರೀ, ನಾನು ಹೇಳ್ಲಿಲ್ವಾ!" ಎಂದ ಲೇಂದರ್ಟ್ ಚಿಕ್ಕಪ್ಪ. ಅವನು ಎಂದೂ ಏನೂ ಹೇಳಿರಲಿಲ್ಲ.

ಮತ್ತೆ ಶುರುವಾಯಿತು ಸುತ್ತು. ಈ ಸಲ ಎಲ್ಲರೂ ಎದ್ದರು, ಎಲ್ಲರೂ ಲೇನಾಳತ್ತ ಬಂದರು. ಒಂದು ಕೆನ್ನೆಗೆ, ಇನ್ನೊಂದು ಕೆನ್ನೆಗೆ, ಮತ್ತೆ ಮೊದಲನೆಯದಕ್ಕೆ ಮುತ್ತು. ಅಭಿನಂದನೆ ಲೇನಾ, ಅಭಿನಂದನೆ. ಆಮೇಲೆ ಯಾಕೋಮಿನಾಳಿಗೆ, ಮೊಮ್ಮಗುವಿಗಾಗಿ ಅಭಿನಂದನೆ. ಆದ್ರಿಗೆ, ತಮ್ಮನ ಮಗುವಿಗಾಗಿ ಅಭಿನಂದನೆ. ವಿಲ್ಲೆಕೆಯೂ ಹೊಟ್ಟೆ ಹೊತ್ತುಕೊಂಡು ಸ್ಟೂಲಿನಿಂದೆದ್ದು ಬಂದಳು. ಮಡಚುಕುರ್ಚಿಗಳನ್ನು ಎರಡೂ ಕಂಕುಳಲ್ಲಿ ಇರುಕಿಕೊಂಡು ಹಿಂಬಾಗಿಲಿನಿಂದ ಒಳಬಂದ ಮರಿನುಸ್‌ನ ಕೈಯನ್ನು ಲೇಂದರ್ಟ್ ಹುಡುಕಿ ಹಿಡಿದು ಕುಲುಕಿದ, "ಕೊನೆಗೂ ಗಂಡಸಾದೆಯಲ್ಲೋ!" ಎಂದು ಬೆನ್ನಿಗೆ ಗುದ್ದಿದ. ಮರಿನುಸ್ ಏನೂ ಅರ್ಥವಾಗದೆ ಹಲ್ಲುಕಿರಿದ. ಅಮ್ಮನ ಹುಟ್ಟುಹಬ್ಬಕ್ಕೆ ತಾನೆ ಎಂದು ಥ್ಯಾಂಕ್ಸ್ ಹೇಳಿದ. ಎಲ್ಲರೂ ಹೋ ಎಂದು ನಕ್ಕರು. ಆಮೇಲೆ ಅರ್ಥವಾಯಿತು, ಕುರ್ಚಿಗಳು ಕಂಕುಳಲ್ಲೇ ಉಳಿದವು, ಅವನು ಲೇನಾಳನ್ನು ನೋಡಿದ. ಊರಿಗೆಲ್ಲ ಗೊತ್ತಾದ ಮೇಲೆ ಗೊತ್ತಾದ ಗಂಡನ ನೋಟ. ಅವಳಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು, ಮರುಕ್ಷಣ ಅವನ ಬಾಯಿ ತೆರೆದ ಮುಖ ನೋಡಿ ನಗು ಬಂತು.

ಅವಳಿಗೆ ನಾಚಿಕೆಯಾದದ್ದು ಬೇರೆಯದಕ್ಕೆ. ಈ ಕೈಗಳು, ಈ ಒದ್ದೆ ಮುತ್ತುಗಳು, ಇವರ ಈ ದನದ ದೊಡ್ಡಿಯ ಗದ್ದಲ, ಇದೆಲ್ಲ ಅವಳಿಗೆ ಹಿತವಾಗಿತ್ತು. ಬಿಸಿನೀರಿಗೆ ಇಳಿದ ಹಾಗೆ ಹಿತವಾಗಿತ್ತು. ತಾನು ಹತ್ತು ವರ್ಷ ಹಳಿದದ್ದು ಇದನ್ನಲ್ಲ, ಇದು ಸಿಗದಿದ್ದದ್ದನ್ನು ಎಂದು ಗೊತ್ತಾಗಿ ತನ್ನ ಬಗ್ಗೆಯೇ ಹೇಸಿಗೆಯಾಯಿತು. ತನ್ನೆಕೆ ಕುರ್ಚಿಗೊಂದು ದಿಂಬು ತಂದು ಅವಳ ಸೊಂಟಕ್ಕೆ ಇರಿಸಿದಳು. ಅತ್ತೆ ಡಬ್ಬಿಯ ಮುಚ್ಚಳ ತೆಗೆದು ಎರಡನೆಯ ಬಿಸ್ಕತ್ತು ಕೊಟ್ಟಳು. ಹೆಸರುಗಳ ಮಾತು ಎದ್ದಿತು: ಗಂಡಾದರೆ ಮಾವನ ಹೆಸರು, ಅದರಲ್ಲಿ ಎರಡು ಮಾತಿಲ್ಲ, ಹೆಣ್ಣಾದರೆ ಯಾಕೋಮಿನಾ, ಅದರಲ್ಲೂ ಎರಡು ಮಾತಿಲ್ಲ. ಆದ್ರಿ ತನ್ನ ಹಳೆಯ ತೊಟ್ಟಿಲಿಗೆ ಬಣ್ಣ ಹೊಡೆಸಿ ಕೊಡುತ್ತೇನೆ ಎಂದಳು. ಲೇನಾ ಎಲ್ಲದಕ್ಕೂ ತಲೆಯಾಡಿಸಿದಳು. ನೋವು ಈಗ ಗೀರುತ್ತಿರಲಿಲ್ಲ, ಕುಟ್ಟುತ್ತಿತ್ತು. ಎದ್ದು ಹೋಗಿ ಫೋನ್ ಮಾಡು, ಪಡಸಾಲೆಯಲ್ಲೇ ಇದೆ ಫೋನು, ಎಂದು ಒಳಗೊಬ್ಬಳು ಹೇಳುತ್ತಲೇ ಇದ್ದಳು. ಎದ್ದರೆ ಏನೆಂದು ಕೇಳುತ್ತಾರೆ. ಕೇಳಿದರೆ ಹೇಳಬೇಕು. ಅಭಿನಂದನೆ ಹೇಳುವುದಕ್ಕೆ ಇವರಲ್ಲಿ ಕ್ರಮವಿದೆ, ಹೇಳಿದ್ದನ್ನು ಹಿಂತೆಗೆದುಕೊಳ್ಳುವುದಕ್ಕೆ ಇಲ್ಲ. ಎರಡನೇ ಕಾಫಿ ಆಗಲಿ ಎಂದುಕೊಂಡಳು. ಎರಡನೇ ಕಾಫಿ ಬಂತು, ಅದರ ಮೇಲೆ ಕೆನೆಯೂ ಇತ್ತು. ಬಟ್ಟಲು ಎತ್ತಿದಾಗ ಬಲಭುಜದ ತುದಿಯಲ್ಲಿ, ಹೊಟ್ಟೆಗೂ ಅದಕ್ಕೂ ಏನು ಸಂಬಂಧವೋ, ಚಾಕು ತಿರುವಿದಂಥ ನೋವು ಬಂತು. ಬಟ್ಟಲನ್ನು ಚೆಲ್ಲದೆ ಕೆಳಗಿಟ್ಟು, ಮುಗುಳ್ನಕ್ಕು, ನೀರು ಕುಡಿದು ಬರುತ್ತೇನೆ ಎಂದು ಎದ್ದಳು.

ಅಡುಗೆಮನೆಯ ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾಗ ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ಯಾಕೋಮಿನಾ. ಅತ್ತೆ ಅವಳ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು, ಸಂತೆಯಲ್ಲಿ ಕುರಿ ನೋಡುವ ಹಾಗೆ.

"ಬೂದಿ ಥರ ಆಗಿದೀಯ. ಯಾವಾಗಿಂದ?"

"ಬೆಳಿಗ್ಗೆಯಿಂದ."

"ಡಾಕ್ಟ್ರು ಏನಂದಿದ್ರು?"

"ಆ ದಿನವೇ ಫೋನ್ ಮಾಡು ಅಂದಿದ್ರು."

"ಮಾಡ್ದೆಯಾ?"

ಲೇನಾ ತೊಟ್ಟಿಯ ಅಂಚಿನಿಂದ ಕೈ ಬಿಟ್ಟಳು. ಕಾಲು ಕುಸಿಯಿತು. ಮುದುಕಿಯ ತೋಳಿನಲ್ಲಿ ಅಷ್ಟು ಬಲವಿರುತ್ತದೆಂದು ಅವಳು ಎಣಿಸಿರಲಿಲ್ಲ.

"ಮರಿನುಸ್!" ಎಂದು ಅತ್ತೆ ಬಾಗಿಲ ಸಂದಿಯಿಂದ ಸಣ್ಣಗೆ ಕರೆದಳು. "ವ್ಯಾನ್ ಹಿಂದಕ್ಕೆ ತಗೊಂಡ್ಬಾ. ಗಲಾಟೆ ಮಾಡ್ಬೇಡ, ಅವರದ್ದೆಲ್ಲ ಕೇಕ್ ಆಗ್ಲಿ."

ಈರುಳ್ಳಿ ಚೀಲಗಳನ್ನು ಸಾಗಿಸುವ ವ್ಯಾನಿನ ಹಿಂಬದಿಯಲ್ಲಿ, ಕಂಬಳಿಯ ಮೇಲೆ, ಅತ್ತೆಯ ತೊಡೆಯಲ್ಲಿ ತಲೆಯಿಟ್ಟು ಅವಳು ಮಲಗಿದ್ದಳು. ಸಮುದ್ರದ ಕಟ್ಟೆಯ ಮೇಲಿನ ರಸ್ತೆಯಲ್ಲಿ ಮರಿನುಸ್ ಎಂದೂ ಓಡಿಸದ ವೇಗದಲ್ಲಿ ಓಡಿಸುತ್ತಿದ್ದ. ತಗಡು ಬಡಿದುಕೊಳ್ಳುವ ಸದ್ದಿನಲ್ಲಿ ಅವನಿಗೆ ಇವರ ಮಾತು ಕೇಳಿಸುವಂತಿರಲಿಲ್ಲ. ಅತ್ತೆಯ ಹಬ್ಬದ ಉಡುಪಿಗೆ ಕರ್ಪೂರದ ಗುಳಿಗೆಯ ವಾಸನೆ ಇತ್ತು. ಹತ್ತು ವರ್ಷದಲ್ಲಿ ಈ ಹೆಂಗಸು ತನ್ನನ್ನು ಕೈ ಕುಲುಕುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿರಲಿಲ್ಲ.

"ಮರಿನುಸ್‌ಗಿಂತ ಮುಂಚೆ ನಂಗೂ ಒಂದು ಹೋಯ್ತು," ಎಂದಳು ಯಾಕೋಮಿನಾ, ಕಿಟಕಿಯಿಲ್ಲದ ತಗಡಿನ ಗೋಡೆಯನ್ನು ನೋಡುತ್ತಾ. "ನಮ್ಮತ್ತೆ ಹುಟ್ಟಿದ ದಿನ. ಮನೆ ತುಂಬ ಜನ. ಕುರ್ಚಿ ಮೇಲೆ ಬಟ್ಟೆ ಮಡಚಿ ಹಾಕ್ಕೊಂಡು ಎಲ್ಲರೂ ಹೋಗೋವರ್ಗೂ ಕೂತಿದ್ದೆ."

"ಯಾಕೆ ಎದ್ದು ಬರ್ಲಿಲ್ಲ ಅತ್ತೆ?"

"ನೀನ್ಯಾಕೆ ಬರ್ಲಿಲ್ಲ?"

ವ್ಯಾನು ತಿರುವಿನಲ್ಲಿ ವಾಲಿತು. ಹೊಟ್ಟೆಯೊಳಗೆ ಏನೋ ಬಿಟ್ಟುಕೊಂಡಿತು. ಅದಾದ ಮೇಲೆ ನೋವು ಆಶ್ಚರ್ಯವಾಗುವಷ್ಟು ಕಡಿಮೆಯಾಯಿತು, ಕಣ್ಣ ಮುಂದೆ ಕತ್ತಲೆ ತುಂಬತೊಡಗಿತು. ಮುದುಕಿ ಅವಳ ಕೆನ್ನೆಗೆ ತಟ್ಟುತ್ತಲೇ ಇದ್ದಳು.

"ನಿದ್ದೆ ಮಾಡ್ಬೇಡ. ಏ ಲೇನಾ! ನಿನ್ನನ್ನ ನಾನು ಬೇರೆ ಥರದವಳು ಅಂದ್ಕೊಂಡಿದ್ದೆ ಕಣೇ. ಕನ್ನಡಕದ ಅಂಗಡಿಯೋಳು, ಬುದ್ಧಿವಂತೆ, ನಮ್ಮನ್ನೆಲ್ಲ ಕೀಳಾಗಿ ನೋಡೋಳು ಅಂತ. ನೀನೂ ನಮ್ಮ ಹಾಗೇ ದಡ್ಡಿ."

ಇದು ಲೇನಾಳಿಗೆ ಕೊನೆಯವರೆಗೂ ನೆನಪಿದ್ದ ಮಾತು. ಅಷ್ಟು ದೊಡ್ಡ ಬೈಗುಳವನ್ನು ಅವಳ ಜೀವನದಲ್ಲಿ ಯಾರೂ ಬೈದಿರಲಿಲ್ಲ.

ಮರುದಿನ ಭಾನುವಾರ, ಪಟ್ಟಣದ ಆಸ್ಪತ್ರೆಯ ಡಾಕ್ಟರು ಮಂಚದ ಬುಡದಲ್ಲಿ ನಿಂತಾಗ ಕಿಟಕಿಯಲ್ಲಿ ಬಿಸಿಲಿತ್ತು. ತೆಳ್ಳಗಿನ ಯುವತಿ ಡಾಕ್ಟರು, ರಾತ್ರಿಯಿಡೀ ನಿದ್ದೆಗೆಟ್ಟ ಕಣ್ಣು. ಮಂಚದ ಒಂದು ಕಡೆ ಮರಿನುಸ್, ಕ್ಷೌರ ಮಾಡಿಕೊಂಡಿರಲಿಲ್ಲ. ಇನ್ನೊಂದು ಕಡೆ ಅತ್ತೆ, ಬೆಳಗಿನ ಆರಾಧನೆಗೂ ಮಧ್ಯಾಹ್ನದ ಆರಾಧನೆಗೂ ನಡುವೆ ಬಿಡುವು ಮಾಡಿಕೊಂಡು ಬಂದವಳು, ಕಪ್ಪು ಟೋಪಿ ತೆಗೆದಿರಲಿಲ್ಲ. ನಳಿಕೆ ಒಡೆದಿತ್ತು, ತೆಗೆಯಬೇಕಾಯಿತು, ಎಂದಳು ಡಾಕ್ಟರು. ರಕ್ತ ಬಹಳ ಹೋಗಿತ್ತು. ಜೀವ ಉಳಿದದ್ದೇ ದೊಡ್ಡದು. ಆಮೇಲೆ ಸ್ವಲ್ಪ ತಡೆದು ಕೇಳಿದಳು.

"ಒಂದು ವಿಷ್ಯ ಬರ್ಕೋಬೇಕು. ನೋವು ಶುರುವಾಗಿದ್ದು ಯಾವಾಗ? ಯಾಕಂದ್ರೆ ನಿನ್ನೆ ಬೆಳಿಗ್ಗೆನೇ ಬಂದಿದ್ರೆ ಆ ನಳಿಕೆ ಉಳಿಸಬಹುದಿತ್ತು."

ಮರಿನುಸ್ ತಲೆಯೆತ್ತಿದ. ಲೇನಾ ಬಾಯಿ ತೆರೆದಳು. ಹೇಳುತ್ತೇನೆ ಎಂದೇ ತೆರೆದಳು. ಇದೊಂದನ್ನಾದರೂ ಈ ಜನರ ಹಾಗೆ ಮಾಡುವುದಿಲ್ಲ, ಕತ್ತು ತಿರುಗಿಸಿ ನೋಡುವವರು ನೋಡಲಿ.

"ಎರಡನೇ ಕಾಫಿ ಹೊತ್ತಿಗೆ," ಎಂದಳು ಯಾಕೋಮಿನಾ. "ಇದ್ದಕ್ಕಿದ್ದ ಹಾಗೆ. ನಾನು ಪಕ್ಕದಲ್ಲೇ ಇದ್ದೆ. ತಕ್ಷಣ ಹೊರಡಿಸಿಕೊಂಡು ಬಂದ್ವಿ."

ಡಾಕ್ಟರು ಬರೆದುಕೊಂಡು ಹೋದಳು. ಅತ್ತೆ ಲೇನಾಳ ಕಡೆ ನೋಡಲಿಲ್ಲ, ಹೊದಿಕೆಯ ಸುಕ್ಕೊಂದನ್ನು ಅಂಗೈಯಿಂದ ಸವರಿ ಸರಿಮಾಡಿದಳು. ಪ್ರೀತಿಯೇನಲ್ಲ ಅದು, ಮನೆತನದ ಮಾನ. ಸೊಸೆ ಕೇಕಿನಾಸೆಗೆ ಗರ್ಭ ಕಳೆದುಕೊಂಡಳೆಂದು ಊರು ಆಡಿಕೊಳ್ಳಬಾರದು, ಅಷ್ಟೇ. ಹಾಗೆಂದು ಲೇನಾ ಚೆನ್ನಾಗಿ ಬಲ್ಲಳು. ಆದರೂ ಆ ಒರಟು ಅಂಗೈ ತನ್ನ ಕಾಲ ಮೇಲೆ ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಿಸಿತು. ಈ ಮನೆಯಲ್ಲಿ ಮೊದಲ ಬಾರಿಗೆ ಒಬ್ಬರು ತನಗಾಗಿ ಸುಳ್ಳು ಹೇಳಿದ್ದರು. ಮಗುವಿಗಾಗಿ ಇನ್ನೂ ಬಾರದ ಅಳು ಇದಕ್ಕೆ ಬಂತಲ್ಲ ಎಂದು ತನ್ನ ಮೇಲೆ ತಾನೇ ಉಗಿಯಬೇಕೆನ್ನಿಸಿತು.

ಮರಿನುಸ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅವಳ ಬೆರಳು ಹಿಡಿದ. ಅವನ ಮುಖದಲ್ಲಿ ದುಃಖಕ್ಕಿಂತ ಮೊದಲು ನೆಮ್ಮದಿ ಬಂದಿತ್ತು.

"ಅಂದ್ರೆ ನಮ್ಮ ಕೈಲಿ ಏನೂ ಇರ್ಲಿಲ್ಲ. ಅಲ್ವಾ ಲೇನಾ? ಬೆಳಿಗ್ಗೆ ನಿಂಗೇನೂ ನೋವಿರ್ಲಿಲ್ಲ ತಾನೆ?"

ಮಧ್ಯಾಹ್ನದ ಆರಾಧನೆಗೆ ಹೊತ್ತಾಯಿತೆಂದು ಅತ್ತೆ ಕೈಚೀಲ ಎತ್ತಿಕೊಂಡು ಕಾಯುತ್ತಿದ್ದಳು.

"ಇರ್ಲಿಲ್ಲ," ಎಂದಳು ಲೇನಾ.